ಹೊಸ ಮೊಬೈಲ್ ಬಂದರೂ ಹಳೆಯ ಕರಾರು ಹೋಗದು

ಜತ್ತ: ಉಮದಿಯಲ್ಲಿ ಕೊಳ್ಳಲಿ, ವಿಜಯಪುರದಲ್ಲಿ ಕೊಳ್ಳಲಿ, ಮೊಬೈಲ್ ಗ್ರಾಹಕರು ಒಂದು ಮಾತು ನೆನಪಿಡಬೇಕು. ಸಿಮ್, ಹ್ಯಾಂಡ್‌ಸೆಟ್, ಕಂತಿನ ಸಾಲ ಮೂರೂ ಬೇರೆ ಬೇರೆ. ಹಳೆಯ ಸಿಮ್ ಹೊಸ ಹ್ಯಾಂಡ್‌ಸೆಟ್‌ಗೆ ಹೋಗುತ್ತದೆ. ಹಳೆಯ ಕಂತು ಮಾತ್ರ ಕೊಂಡವರ ತಲೆಯ ಮೇಲೆಯೇ ಉಳಿಯುತ್ತದೆ.

ಭಾರತದಲ್ಲಿ ಬಹುತೇಕರದು ಪ್ರೀಪೇಯ್ಡ್. ಅಮೆರಿಕದಂಥ ಎರಡು ವರ್ಷದ ಕರಾರು ಇಲ್ಲಿ ಬೇರೂರಲಿಲ್ಲ. ಅದು ಕಂತಿನ ವೇಷದಲ್ಲಿ ಬಂತು. 2021ರ ದೀಪಾವಳಿಗೆ ಬಂದ ಜಿಯೋಫೋನ್ ನೆಕ್ಸ್ಟ್ ಬೆಲೆ 6,499 ರೂ. ಇತ್ತು. ಕಂತಿನಲ್ಲಾದರೆ ಮುಂಗಡ 1,999, ಶುಲ್ಕ 501, ತಿಂಗಳಿಗೆ 300ರಂತೆ 24 ಕಂತು, ಒಟ್ಟು 9,700 ರೂ. ಅದರಲ್ಲಿ ಕರೆ, ಡೇಟಾ ಸೇರಿದ್ದವು ನಿಜ. ಆದರೆ ಎರಡು ವರ್ಷ ಒಂದೇ ಕಂಪನಿಗೆ ಗಂಟು.

2015ರ ಜುಲೈ 3ರಿಂದ ಮಹಾರಾಷ್ಟ್ರದ ನಂಬರನ್ನು ಕರ್ನಾಟಕ ವಲಯಕ್ಕೂ ಒಯ್ಯಬಹುದು. ಆದರೆ ಪೋಸ್ಟ್‌ಪೇಯ್ಡ್ ಬಿಲ್ ಬಾಕಿಯಿದ್ದರೆ ಅಥವಾ ಕರಾರಿನ ಷರತ್ತು ತೀರದಿದ್ದರೆ ಪೋರ್ಟ್ ಆಗದು.

ಗಡಿಭಾಗದವರಿಗೆ ಮುಖ್ಯವಾದದ್ದು ಇನ್ನೊಂದಿದೆ. ರಿಸರ್ವ್ ಬ್ಯಾಂಕ್ ನಿಯಮದಂತೆ 2024ರ ಅಕ್ಟೋಬರ್ 1ರಿಂದ ಹೊಸ ಸಾಲದ ಬಡ್ಡಿ, ಶುಲ್ಕಗಳ ಮುಖ್ಯಾಂಶ ಪತ್ರವನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲೇ ಕೊಡಬೇಕು. ಕನ್ನಡವೋ ಮರಾಠಿಯೋ, ಅಂಗಡಿಯಲ್ಲೇ ಕೇಳಿ ಪಡೆಯಬೇಕು. ಹಳೆಯ ಸಾಲ ತೀರಿಸಿದ್ದರೆ ‘ಬಾಕಿ ಇಲ್ಲ’ ಪತ್ರವನ್ನೂ ಕೈಯಲ್ಲಿಟ್ಟುಕೊಂಡೇ ಹೊಸದಕ್ಕೆ ಸಹಿ ಹಾಕುವುದು ಲೇಸು.