ಸಪ್ತಾಹ ಯಾರಪ್ಪನದು?

ಸಪ್ತಾಹ ಅಂದರೇನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೃಷ್ಣಾ ದಂಡೆಯ ಊರುಗಳಲ್ಲಿ ಗುಡಿಯ ಸಪ್ತಾಹ ತಲೆತಲಾಂತರದಿಂದ ನಡೆದು ಬಂದಿದೆ. ಏಳು ಹಗಲು ಏಳು ರಾತ್ರಿ ಭಜನೆ ನಿಲ್ಲಬಾರದು, ತಾಳ ತಪ್ಪಬಾರದು, ದೀಪ ಆರಬಾರದು. ಏಳನೆಯ ದಿನ ಮಹಾಪ್ರಸಾದ. ಆ ಪ್ರಸಾದದ ಒಲೆಗೆ ಕಟ್ಟಿಗೆ ಒಡೆದವರು ನಮ್ಮ ಹಿರಿಯರು. ಊರಿಗೆಲ್ಲ ಡಂಗುರ ಸಾರಿದವರು ಅವರೇ. ಉಂಡೆದ್ದವರ ಎಂಜಲೆಲೆ ಬಳಿದವರೂ ಅವರೇ. ಕಟ್ಟಕಡೆಗೆ, ಎಲ್ಲರದೂ ಮುಗಿದ ಮೇಲೆ, ಹೊರಗ ನಿಂತವರ ಸೆರಗಿಗೆ ಮ್ಯಾಲಿಂದ ಒಂದು ಮುಷ್ಟಿ ಬೀಳುತ್ತಿತ್ತು. ಅದಕ್ಕೂ ಕೈಮುಗಿಯಬೇಕಾಗಿತ್ತು.

ಈಗ ಸಪ್ತಾಹ ಗುಡಿ ಬಿಟ್ಟು ಕಾಲೇಜು, ವಿಶ್ವವಿದ್ಯಾಲಯಗಳ ಆವರಣ ಹೊಕ್ಕಿದೆ. ಜನವರಿ 12ರಿಂದ 19ರವರೆಗೆ ಯುವ ಸಪ್ತಾಹ. ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನದ ಶಿಬಿರ. ಏಪ್ರಿಲ್ ಬಂತೆಂದರೆ 5ಕ್ಕೆ ಬಾಬು ಜಗಜೀವನರಾಮ್, 11ಕ್ಕೆ ಜ್ಯೋತಿಬಾ ಫುಲೆ, 14ಕ್ಕೆ ಬಾಬಾಸಾಹೇಬರು. ವಾರಗಟ್ಟಲೆ ಉಪನ್ಯಾಸ, ವಿಚಾರ ಸಂಕಿರಣ, ಗೀತಗಾಯನ. ನಡೆಯಲಿ. ಫುಲೆ-ಅಂಬೇಡ್ಕರರ ಹೆಸರು ಆ ಗೋಡೆಗಳ ನಡುವೆ ಕೇಳಿಸಲಿ ಅಂತ ಗಂಟಲು ಹರಿದುಕೊಂಡವರೇ ನಾವು. ನಮ್ಮ ತಕರಾರು ಹೆಸರಿನ ಮ್ಯಾಲಲ್ಲ, ಪದ್ಧತಿಯ ಮ್ಯಾಲೆ. ಗುಡಿಯ ಪದ್ಧತಿಯೇ ವೇಷ ಬದಲಿಸಿ ಕ್ಯಾಂಪಸ್ಸಿಗೆ ಬಂದಿದೆ ಎನ್ನುವುದು ನಮ್ಮ ಆರೋಪ.

ಯಾವ ಒಂದು ಸಂಸ್ಥೆಯ ಹೆಸರು ಹಿಡಿದು ಈ ಮಾತು ಹೇಳುತ್ತಿಲ್ಲ. ನಾಡಿನ ಯಾವ ಕಡೆಗಾದರೂ ಹೋಗಿ ನೋಡ್ರಿ. ಮುಂದಿನ ಸಾಲಿಗೆ ಸೋಫಾ. ವೇದಿಕೆಯ ಮ್ಯಾಲೆ ಹತ್ತು ಮಂದಿ ಗಣ್ಯರು. ಒಬ್ಬೊಬ್ಬರಿಗೂ ಶಾಲು, ಹಾರ, ನೆನಪಿನ ಕಾಣಿಕೆ. ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಅಧ್ಯಕ್ಷೀಯ ನುಡಿ ಮುಗಿಯುವಷ್ಟರಲ್ಲಿ ಮಧ್ಯಾಹ್ನ. ನಡುವೆ ಎಲ್ಲರೂ ಎದ್ದು ನಿಂತು ಸಂವಿಧಾನದ ಪೀಠಿಕೆ ಓದುತ್ತಾರೆ. ನಸುಕಿನಲ್ಲಿ ಅದೇ ಅಂಗಳ ಗುಡಿಸಿದ ಹೊರಗುತ್ತಿಗೆಯ ಅಕ್ಕ ಕಸಬರಿಗೆ ಹಿಡಿದು ಕಂಬದ ಮರೆಗೆ ನಿಂತಿರುತ್ತಾಳೆ. ಸಮಾನತೆ ಎಂಬ ಶಬ್ದ ಮೈಕಿನಿಂದ ಹೊರಟು ಆಕೆಯ ತಲೆ ಮ್ಯಾಲೆ ಹಾಯ್ದು ಹೋಗುತ್ತದೆ. ಆಕೆಗೊಂದು ಕುರ್ಚಿ ಯಾಕಿಲ್ಲ ಅಂತ ಪೀಠಿಕೆ ಓದಿದ ಯಾವ ಬಾಯಿಯೂ ಕೇಳುವುದಿಲ್ಲ.

ಶಿಬಿರದ ಮಾತೂ ಅಷ್ಟೇ. 1969ರಲ್ಲಿ, ಗಾಂಧೀಜಿಯ ಶತಮಾನೋತ್ಸವದ ವರ್ಷ, ಈ ಸೇವಾ ಯೋಜನೆ ಹುಟ್ಟಿತು. ವಿದ್ಯಾರ್ಥಿ ಎರಡು ವರ್ಷದಲ್ಲಿ 240 ತಾಸು ಸೇವೆ ಮಾಡಬೇಕು, ದತ್ತು ಹಳ್ಳಿಯಲ್ಲಿ ಏಳು ದಿನ ಇರಬೇಕು ಎಂಬ ನಿಯಮ. ಒಳ್ಳೆಯ ನಿಯಮ. ಆದರೆ ಆ ಏಳು ದಿನದಲ್ಲಿ ಒಂದೇ ಒಂದು ಹೊತ್ತು ಕೇರಿಯ ಮನೆಯಲ್ಲಿ ಉಂಡ ಶಿಬಿರ ಎಷ್ಟು? ಗುಡಿಯ ಅಂಗಳ ಗುಡಿಸಿ ಫೋಟೊ ತೆಗೆಸಿಕೊಂಡವರು, ಆ ಗುಡಿಯ ಹೊಸ್ತಿಲು ಯಾರು ದಾಟಬಹುದು, ಯಾರು ದಾಟಬಾರದು ಅಂತ ವರದಿಯಲ್ಲಿ ಬರೆದದ್ದು ಎಷ್ಟು? ಸೇವೆ ಅಂದರೆ ಕಸ ಗುಡಿಸುವುದಷ್ಟೇ ಆದರೆ ಆ ಸೇವೆಯನ್ನು ನಮ್ಮವರು ಸಾವಿರ ವರ್ಷ ಮಾಡಿದ್ದಾರೆ. ಅವರಿಗೆ ಯಾರೂ ಸರ್ಟಿಫಿಕೇಟು ಕೊಡಲಿಲ್ಲ.

ವೇದಿಕೆ ಕೇಳಿದ ದಲಿತರಿಗೆ ಈ ನಾಡು ಏನು ಕೊಟ್ಟಿದೆ ಎಂಬುದಕ್ಕೆ ಇತಿಹಾಸವುಂಟು. 1973ರ ನವೆಂಬರಿನಲ್ಲಿ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯಲ್ಲಿ ಕನ್ನಡ ಸಾಹಿತ್ಯದ ಬಹುಭಾಗ ಬೂಸಾ ಅಂದರು. ಉತ್ತರವಾಗಿ ಬಂದದ್ದು ವಿಮರ್ಶೆಯಲ್ಲ, ಕಲ್ಲು ಮತ್ತು ಬಡಿಗೆ. ದಲಿತ ವಿದ್ಯಾರ್ಥಿಗಳು ಏಟು ತಿಂದರು; ಅವರು ಮಂತ್ರಿಪದವಿ ಬಿಡಬೇಕಾಯಿತು. 1979ರ ಧರ್ಮಸ್ಥಳ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಕೊಡ್ರಿ ಅಂದರೆ ಇಲ್ಲ ಅಂದರು. ಆ ‘ಇಲ್ಲ’ದ ಹೊಟ್ಟೆಯೊಳಗಿಂದಲೇ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. 2016ರ ಜನವರಿಯಲ್ಲಿ ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದ ಹಾಸ್ಟೆಲಿನಿಂದ ಹೊರಹಾಕಿಸಿಕೊಂಡ ಐವರು ದಲಿತ ಸಂಶೋಧಕರು ಕ್ಯಾಂಪಸ್ಸಿನ ಬಯಲಲ್ಲೇ ಮಲಗಿದರು. ಆ ಜಾಗಕ್ಕೆ ಅವರಿಟ್ಟ ಹೆಸರು ವೆಲಿವಾಡ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಹೊಲಗೇರಿ. ಜನವರಿ 17ರಂದು ಅವರಲ್ಲೊಬ್ಬ, ರೋಹಿತ್ ವೇಮುಲ, ಪ್ರಾಣ ಬಿಟ್ಟ. ಕ್ಯಾಲೆಂಡರ್ ತೆಗೆದು ನೋಡ್ರಿ: 17 ಬೀಳುವುದು ಯುವ ಸಪ್ತಾಹದ ನಟ್ಟನಡುವೆ!

ಬಾಬಾಸಾಹೇಬರ ಹೆಸರಿನಲ್ಲಿ ಪೆಂಡಾಲು ಹಾಕುವವರು ಬಾಬಾಸಾಹೇಬರು ಏನು ಮಾಡಿದರು ಅಂತ ನೋಡಬೇಕು. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು. ಮರುವರ್ಷ ಸೊಲ್ಲಾಪುರದಲ್ಲಿ ಅದರ ಹಾಸ್ಟೆಲು ತೆರೆಯಿತು. ಮುಂದೆ ಧಾರವಾಡದಲ್ಲೂ ನಮ್ಮ ಮಕ್ಕಳಿಗೆ ಒಂದು ಬೋರ್ಡಿಂಗು ಮಾಡಿದರು. ಮಲಗಲು ಜಾಗ, ಉಣ್ಣಲು ರೊಟ್ಟಿ, ಓದಲು ದೀಪ: ಅವರು ಮೊದಲು ಕೊಟ್ಟದ್ದು ಇವನ್ನು. ಮಾತು ಆಮೇಲೆ. ನಮ್ಮ ಸಪ್ತಾಹಗಳಲ್ಲಿ ಮಾತೇ ಮೊದಲು, ಮಾತೇ ಕೊನೆ.

ಈ ನೆಲದಲ್ಲಿ ವಿದ್ಯೆ ಯಾವತ್ತೂ ದೂರದ ಊರಿನ ಸರಕು. ಮುಧೋಳದ ರನ್ನ ಬಳೆಗಾರರ ಮಗ. ಹತ್ತನೆಯ ಶತಮಾನದಲ್ಲಿ ಅವನು ವಿದ್ಯೆ ಅರಸಿ ಗಂಗರ ನಾಡಿನ ತನಕ ಹೋಗಬೇಕಾಯಿತು. ಪುಣೆಯಲ್ಲಿ 1916ರಲ್ಲಿ ಶುರುವಾದ ಒಂದು ಕಾಲೇಜಿಗೆ ಜಮಖಂಡಿಯ ಪಟವರ್ಧನ ಅರಸರು ದೊಡ್ಡ ದೇಣಿಗೆ ಕೊಟ್ಟರು. ಅದು ಸರ್ ಪರಶುರಾಮಭಾವು ಕಾಲೇಜಾಯಿತು. ಬೆವರು ಜಮಖಂಡಿಯದು, ಕಾಲೇಜು ಪುಣೆಯದು, ಹೆಸರು ಅರಸರದು! 1948ರಲ್ಲಿ ಸಂಸ್ಥಾನ ವಿಲೀನವಾಯಿತು. ವಿಶ್ವವಿದ್ಯಾಲಯ ಮಾತ್ರ ಧಾರವಾಡದಲ್ಲಿ, 2010ರಿಂದ ಬೆಳಗಾವಿಯಲ್ಲಿ. ಕೊನೆಗೂ 2023ರಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ ಜಮಖಂಡಿಗೆ ಬಂತು. ಎರಡು ವರ್ಷ ತುಂಬುವುದರೊಳಗೆ, 2025ರ ಫೆಬ್ರುವರಿಯಲ್ಲಿ, ಸಚಿವ ಸಂಪುಟದ ಉಪಸಮಿತಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ತೆಗೆಯಿತು. ಜಮಖಂಡಿಯದೂ ಆ ಪಟ್ಟಿಯಲ್ಲಿತ್ತು. ಕಾರಣ, ರೊಕ್ಕ ಇಲ್ಲ. ಬಸ್ ಪಾಸಿನ ಮ್ಯಾಲೆ ಓದುವ ಬೀಳಗಿಯ ಹುಡುಗಿಗೆ ಜಮಖಂಡಿ ಮುಚ್ಚಿದರೆ ಎಂ.ಎ.ಯೇ ಮುಚ್ಚಿದ ಹಾಗೆ. ಆದ್ದರಿಂದ ಸ್ಪಷ್ಟವಾಗಿ ಹೇಳುತ್ತೇವೆ: ಈ ವಿಶ್ವವಿದ್ಯಾಲಯ ಉಳಿಯಬೇಕು, ಬೆಳೆಯಬೇಕು. ಮುಚ್ಚಲು ಬಂದವರಿಗೆ ನಮ್ಮ ಧಿಕ್ಕಾರ.

“ಉಳಿಯೋದೇ ಕಷ್ಟ ಐತಿ, ಇಂಥಾದ್ರಾಗ ನೀವ್ಯಾಕ ತಕರಾರು ತಗೀತೀರಿ? ಸುಮ್ಮನ ಕುಂಡರ್ರಿ” ಎಂದು ಕೆಲವರು ಹಿತವಚನ ಹೇಳುತ್ತಾರೆ. ನಾವು ಕೇಳುತ್ತೇವೆ: ನಾಳೆ ಬೀಗ ಹಾಕಲು ಬಂದರೆ ಗೇಟಿಗೆ ಅಡ್ಡ ನಿಲ್ಲುವವರು ಯಾರು? ಶಾಲು ಹೊದ್ದು ಹೋದ ಗಣ್ಯರೇ? ಅವರ ಮಕ್ಕಳು ಬೆಂಗಳೂರು, ಪುಣೆಗಳಲ್ಲಿ ಓದುತ್ತಾರೆ. ಅಡ್ಡ ನಿಲ್ಲಬೇಕಾದವರು ಕೇರಿಯವರು, ಮಗ್ಗದವರು, ಕಬ್ಬಿನ ಗದ್ದೆಯವರು. ಒಂದು ದಿನವೂ ಒಳಗೆ ಕರೆಯದ ಮನೆಯನ್ನು ಕಾಯಲು ಅವರೇಕೆ ಬರಬೇಕು? ಒಳಗೆ ಕರೆಯಿರಿ ಎನ್ನುವ ನಾವೇ ವಿಶ್ವವಿದ್ಯಾಲಯದ ನಿಜವಾದ ಕಾವಲುಗಾರರು.

ಹಾಗಾದರೆ ಏನು ಬೇಕು ಅಂತೀರಾ? ಹೇಳುತ್ತೇವೆ, ಕೇಳ್ರಿ. ಏಳು ದಿನ ಹೀಗೆ ನಡೆಯಲಿ.

ಮೊದಲ ದಿನ ಕಸಬರಿಗೆ ಹಿಡಿದವರದು. ತಲೆಯ ಮ್ಯಾಲೆ ಮಲ ಹೊರುವುದನ್ನು ನಿಷೇಧಿಸಿದ ಮಂತ್ರಿ ಇದೇ ಬಸವಲಿಂಗಪ್ಪನವರು. ಬುಟ್ಟಿ ಹೋಯಿತು, ಗುತ್ತಿಗೆ ಬಂತು. ಕಂಬದ ಮರೆಯ ಅಕ್ಕ ಉದ್ಘಾಟನೆ ಮಾಡಲಿ. ತಿಂಗಳ ಪಗಾರ ಎಷ್ಟು, ಗುತ್ತಿಗೆದಾರ ಹಿಡಿದುಕೊಳ್ಳುವುದು ಎಷ್ಟು, ಪಿ.ಎಫ್. ಕಟ್ಟಿದ್ದಾನೋ ಇಲ್ಲವೋ ಅಂತ ಮೈಕಿನ ಮುಂದೆ ಹೇಳಲಿ.

ಎರಡನೆಯ ದಿನ ರಬಕವಿ-ಬನಹಟ್ಟಿಯ ಮಗ್ಗದವರದು. ನೂಲು ಮಾಲೀಕನದು, ಸೀರೆ ಮಾಲೀಕನದು, ನಡುವಿನ ಬೆನ್ನುನೋವು ನೇಕಾರನದು. ಕಂಡಿಕೆ ಸುತ್ತುವ ಹೆಣ್ಣುಮಕ್ಕಳ ದುಡಿಮೆಗೆ ಲೆಕ್ಕವೇ ಇಲ್ಲ. 2019ರ ಆಗಸ್ಟಿನ ನೆರೆ ಈ ಸೀಮೆಯನ್ನು ಹೊಡೆಯಿತು. ಮರುವರ್ಷ ಲಾಕ್‌ಡೌನಿನಲ್ಲಿ ನೇಯ್ದ ಸೀರೆ ಕೊಳ್ಳುವವರಿಲ್ಲದೆ ಮನೆಯಲ್ಲೇ ಉಳಿದವು. ಅವರಲ್ಲಿ ಬಹಳ ಮಂದಿ ನಮ್ಮ ಜಾತಿಯವರಲ್ಲ. ಆಗದಿದ್ದರೇನು? ಹಸಿವಿಗೆ ಜಾತಿ ಹಚ್ಚಿ ನಮ್ಮನ್ನು ಒಡೆದವರು ಬೇರೆ. ಅರ್ಥಶಾಸ್ತ್ರದ ಪಾಠ ಆ ದಿನ ಮಗ್ಗದವನೇ ಮಾಡಲಿ, ಪ್ರಾಧ್ಯಾಪಕರು ಕುಂತು ಬರೆದುಕೊಳ್ಳಲಿ.

ಮೂರನೆಯ ದಿನ ಮುಧೋಳದ ಕಬ್ಬು ಕಡಿಯುವವರದು. 2025ರ ನವೆಂಬರಿನಲ್ಲಿ ಟನ್ನಿಗೆ 3,500 ರೂಪಾಯಿ ಕೊಡ್ರಿ ಅಂತ ರೈತರು ಬೀದಿಗಿಳಿದರು. ನ್ಯಾಯವಾದ ಬೇಡಿಕೆ; ನಾವು ಅವರ ಪರ. ಆದರೆ ಅದೇ ಟನ್ನು ಕಡಿದು, ಕಟ್ಟಿ, ಹೊತ್ತು ಟ್ರಾಲಿಗೆ ಏರಿಸಿದವರ ಕೂಲಿಯ ಮಾತು ಆ ಗದ್ದಲದಲ್ಲಿ ನಮ್ಮ ಕಿವಿಗೆ ಬೀಳಲಿಲ್ಲ. ಗಂಡ-ಹೆಂಡತಿ ಇಬ್ಬರೂ ಸೇರಿ ಒಂದೇ ‘ಕೊಯ್ತಾ’ ಎಂದು ಲೆಕ್ಕ. ಮುಂಗಡ ಕೊಟ್ಟ ಮುಕಾದಮನ ಕೈಯಲ್ಲಿ ಅವರ ಹಂಗಾಮು ಪೂರ್ತಿ ಒತ್ತೆ. ಗದ್ದೆಯ ಬದಿಯ ಗುಡಿಸಲಲ್ಲಿ ಕೂಸು, ಶಾಲೆಯಲ್ಲಿ ಬರೀ ಹೆಸರು. ಇದು ಜೀತವಲ್ಲದೆ ಮತ್ತೇನು?

ನಾಲ್ಕನೆಯ ದಿನ ಬೀಳಗಿಯ ಮುಳುಗಡೆಯವರದು. ಆಲಮಟ್ಟಿಯ ನೀರನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು 75,000 ಎಕರೆಗೂ ಹೆಚ್ಚು ಭೂಮಿ ಮುಳುಗಬೇಕು. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ನೀರಾವರಿ ಎಕರೆಗೆ 40 ಲಕ್ಷ, ಒಣ ಎಕರೆಗೆ 30 ಲಕ್ಷ ಅಂತ ತೀರ್ಮಾನಿಸಿತು. ಸರಿ. ಎಕರೆಯೇ ಇಲ್ಲದವನಿಗೆ ಎಷ್ಟು? ಆ ಹೊಲದಲ್ಲಿ ಮೂರು ತಲೆಮಾರು ಕಳೆ ಕಿತ್ತ ಅವ್ವನಿಗೆ ಎಷ್ಟು? 2013ರ ಭೂಸ್ವಾಧೀನ ಕಾಯ್ದೆ ಭೂಮಿ ಇಲ್ಲದೆ ಅದರ ಮ್ಯಾಲೆ ದುಡಿದು ಬದುಕುವವರನ್ನೂ ಬಾಧಿತರೆಂದು ಒಪ್ಪುತ್ತದೆ. ಆ ಕಲಮನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಕೇರಿ ಕೇರಿಗೆ ಹಂಚುವುದು ಕಾನೂನು ಓದುವ ಹುಡುಗರ ಕೆಲಸವಾಗಲಿ. ಸೇವಾ ಶಿಬಿರ ಅಂದರೆ ಅದು.

ಐದನೆಯ ದಿನ ದೇವರ ಹೆಸರಿನಲ್ಲಿ ಬಿಟ್ಟ ನಮ್ಮ ತಾಯಂದಿರದು. 1982ರಲ್ಲೇ ಕಾಯ್ದೆ ಬಂತು, ಮುತ್ತು ಕಟ್ಟುವುದು ಕದ್ದುಮುಚ್ಚಿ ನಡೆಯಿತು. ಅವರ ಮಕ್ಕಳಿಗೆ ಪ್ರತಿ ಅರ್ಜಿಯಲ್ಲೂ ‘ತಂದೆಯ ಹೆಸರು’ ಎಂಬ ಗೆರೆ ಕತ್ತಿಯಂತೆ ಕಾದಿರುತ್ತಿತ್ತು. ಆ ಒತ್ತಾಯ ಬೇಡವೆಂದು 2025ರಲ್ಲಿ ವಿಧಾನಮಂಡಲ ಹೊಸ ಮಸೂದೆ ಒಪ್ಪಿದೆ. ಸಪ್ತಾಹದ ಬ್ಯಾನರಿಗಿಂತ ಮೊದಲು ಆ ಒಂದು ಗೆರೆ ಅಳಿಸ್ರಿ!

ಆರನೆಯ ದಿನ ಲೆಕ್ಕದ ದಿನ. ಪರಿಶಿಷ್ಟರ ಉಪಯೋಜನೆಗೆ 2013ರ ಕಾಯ್ದೆಯೇ ಇದೆ. ಎಷ್ಟು ರೊಕ್ಕ ಬಂತು, ಯಾವುದಕ್ಕೆ ಹೋಯಿತು, ಸ್ಕಾಲರ್‌ಶಿಪ್ಪು ಯಾವ ತಿಂಗಳು ಕೈಸೇರಿತು, ಹಾಸ್ಟೆಲಿನಲ್ಲಿ ಜಾಗ ಸಿಗದೆ ಹೊರಳಿ ಹೋದವರು ಎಷ್ಟು, ಖಾಲಿ ಬಿದ್ದ ಮೀಸಲು ಹುದ್ದೆ ಎಷ್ಟು: ಎಲ್ಲವನ್ನೂ ಬಯಲಲ್ಲಿ ಓದಿ ಹೇಳಬೇಕು. ಭಾಷಣ ಬೇಡ, ರಿಜಿಸ್ಟರು ತರ್ರಿ.

ಏಳನೆಯ ದಿನ ಊಟ. ಕುಲಪತಿಗಳೂ ಕಸಬರಿಗೆಯವರೂ ಒಂದೇ ಸಾಲು, ಒಂದೇ ಅಡಿಗೆ, ಅಡಿಗೆ ಮಾಡಿದವರು ಕೇರಿಯವರು. ಎಲೆ ಎತ್ತುವ ಪಾಳಿ ಆ ದಿನ ಗಣ್ಯರದು.

ಇದು ಬೇಡಿಕೆಯೇ ಹೊರತು ಭಿಕ್ಷೆಯಲ್ಲ. ಕ್ಯಾಂಪಸ್ಸು ನಿಂತಿರುವುದು ಈ ಸೀಮೆಯ ದುಡಿಯುವವರ ತೆರಿಗೆಯ ಮ್ಯಾಲೆ. ಬೆಂಕಿಪೊಟ್ಟಣ ಕೊಂಡವನೂ ಅದಕ್ಕೆ ಕಾಸು ಕೊಟ್ಟವನೇ. ಓದುತ್ತಿರುವ ಗೆಳೆಯರೇ, ನೀವು ನಮ್ಮ ಕೇರಿಯಿಂದಲೇ ಒಳಗೆ ಹೋದವರು. ಮುಂದಿನ ಸಪ್ತಾಹದ ಆಮಂತ್ರಣ ಪತ್ರಿಕೆ ಅಚ್ಚಾಗುವ ಮೊದಲು ಅದರಲ್ಲಿ ಯಾರ ಹೆಸರು ಇದೆ, ಯಾರದು ಇಲ್ಲ ಅಂತ ಕೇಳ್ರಿ. ಸ್ವಯಂಸೇವಕನ ಬಿಲ್ಲೆ ಹಚ್ಚಿಕೊಂಡು ಕುರ್ಚಿ ಹೊರುವುದಕ್ಕೇ ನಿಮ್ಮನ್ನು ಕರೆದರೆ ಕುರ್ಚಿ ಕೆಳಗಿಟ್ಟು ಅದರ ಮ್ಯಾಲೆ ಕುಂಡರ್ರಿ.

ಕೊಟ್ಟರೆ ಒಳಗೆ ಬರುತ್ತೇವೆ. ಕೊಡದಿದ್ದರೆ ಗೇಟಿನ ಮುಂದೆ ನಮ್ಮ ಸಪ್ತಾಹ ನಾವೇ ಹೂಡುತ್ತೇವೆ. ಡಂಗುರ ಸಾರಲು ಯಾರನ್ನೂ ಕರೆಸಬೇಕಾಗಿಲ್ಲ. ಹಲಗಿ ನಮ್ಮ ಕೈಯಾಗೇ ಐತಿ.