ಒಂದು ದಿನದ ಪ್ರವಾಸವೂ ಬೀದರಿನ ಪೇಟೆಯೂ

ಹೈದರಾಬಾದಿನಿಂದ ಸುಮಾರು 140 ಕಿ.ಮೀ. ದೂರದ ಬೀದರಿಗೆ ಬೆಳಿಗ್ಗೆ ಬಂದವರು ರಾತ್ರಿಯೊಳಗೆ ಮನೆ ಸೇರಬಹುದು. ಬಹಮನಿ ಕೋಟೆ, ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ಮದರಸಾ, ಬರೀದ್‌ಶಾಹಿ ಗೋರಿಗಳ ಉದ್ಯಾನ, ಅಷ್ಟೂರಿನ ಗುಮ್ಮಟಗಳು ಒಂದೇ ದಿನದ ಸುತ್ತಾಟಕ್ಕೆ ದಕ್ಕುತ್ತವೆ. ಆದರೆ ಕಟ್ಟಡಗಳನ್ನಷ್ಟೇ ನೋಡಿ ಮರಳುವ ಪ್ರವಾಸಿಯಿಂದ ಪೇಟೆಗೆ ದೊರೆಯುವುದು ಊಟ, ಚಹಾದ ಹಣ ಮಾತ್ರ.

ಇಲ್ಲಿ ಸ್ಮಾರಕವೂ ಸರಕೂ ಬೇರೆ ಬೇರೆಯಲ್ಲ. ಸತು, ತಾಮ್ರಗಳ ಮಿಶ್ರಲೋಹದ ಮೇಲೆ ಬೆಳ್ಳಿಯನ್ನು ಕೂರಿಸಿದ ಬಿದರಿ ಪಾತ್ರೆಗೆ ಕಡುಗಪ್ಪು ಬಣ್ಣ ಬರುವುದು ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರವನ್ನು ಬೆರೆಸಿದ ನೀರಿನಿಂದ. ಬೆಳ್ಳಿ ಮಾತ್ರ ಬಿಳಿಯಾಗಿಯೇ ಉಳಿಯುತ್ತದೆ. ಈ ಕೆಲಸವನ್ನು ಕಣ್ಣಾರೆ ಕಂಡ ಗಿರಾಕಿ ಬೆಲೆಯ ಬಗ್ಗೆ ಚೌಕಾಶಿಗಿಳಿಯುವುದು ಕಡಿಮೆ.

ಆದುದರಿಂದ ಕುಶಲಕರ್ಮಿಗಳ ಕಾರ್ಯಾಗಾರಗಳು ಪ್ರವಾಸದ ಹಾದಿಯಲ್ಲಿ ಸೇರಬೇಕು. ಭಾನುವಾರವೂ ಅಂಗಡಿ ತೆರೆದಿರಬೇಕು. ನಿಗದಿತ ದರ, ರಸೀದಿ ಹಾಗೂ ಭೌಗೋಳಿಕ ಸೂಚಕದ ಗುರುತು ಇರಬೇಕು. ಕೋಟೆಯ ಸ್ವಚ್ಛತೆ, ಮಾರ್ಗಫಲಕ, ಕುಡಿಯುವ ನೀರಿನ ವ್ಯವಸ್ಥೆಗೆ ಸರ್ಕಾರದತ್ತ ಬೆರಳು ತೋರಿಸಿ ಕೂರುವ ಬದಲು ವರ್ತಕರೂ ಕೈಜೋಡಿಸಬೇಕು. ಗೀಲಾನಿನಿಂದ ಬಂದ ಗವಾನನೂ ಮೊದಲು ವರ್ತಕನೇ. ಊರು ಉಳಿದರೆ ವ್ಯಾಪಾರ ಉಳಿಯುತ್ತದೆ.