ಅಪ್ರಾಪ್ತರ ಆಸ್ತಿಯೂ ವಕೀಲರ ಫೀಯೂ

ಕೋರ್ಟಿನ ಮೆಟ್ಟಿಲು ಹತ್ತಿದವರನ್ನು ಕುರಿತು ನಮ್ಮ ನಾಡಿನಲ್ಲಿ ಒಂದು ಹಳೆಯ ಮಾತಿದೆ: ಗೆದ್ದವನು ಸೋತ, ಸೋತವನು ಸತ್ತ. ವ್ಯಾಜ್ಯಕ್ಕೆ ಇಳಿದವರು ವಯಸ್ಸಿಗೆ ಬಂದವರಾದರೆ ಈ ಮಾತಿಗೆ ನಕ್ಕು ಸುಮ್ಮನಾಗಬಹುದು. ದುಡ್ಡೂ ಅವರದು, ಹಟವೂ ಅವರದು. ಆದರೆ ವ್ಯಾಜ್ಯವು ತಂದೆಯಿಲ್ಲದ ಒಂದು ಮಗುವಿನ ವಿಷಯವಾಗಿ ನಡೆದು, ಅದರ ಖರ್ಚು ಆ ಮಗುವಿನ ಗಂಟಿನಿಂದಲೇ ಹೋಗುವುದಾದರೆ, ಲೆಕ್ಕ ಕೇಳುವವರು ಯಾರು?

ಉದಾಹರಣೆಗಾಗಿ ಅಣ್ಣಿಗೇರಿಯ ಕಡೆಯ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ಯಜಮಾನನು ಸ್ವಂತ ದುಡಿಮೆಯಿಂದ ಕೊಂಡ ಆರು ಎಕರೆ ಎರೆಹೊಲ. ಹಿಂಗಾರಿಯಲ್ಲಿ ಕಡಲೆ, ಬಿಳಿಜೋಳ. ಗದಗ–ಹುಬ್ಬಳ್ಳಿಯ ಹೆದ್ದಾರಿಯಲ್ಲಿ ನಡೆದ ಅಪಘಾತದಲ್ಲಿ ಆತನು ತೀರಿಕೊಂಡನು. ಉಳಿದವರು ಹೆಂಡತಿ ಮತ್ತು ಒಂಬತ್ತು ವರ್ಷದ ಮಗ. ಪರಿಹಾರವಾಗಿ ಬಂದ ಹಣದಲ್ಲಿ ಮಗನ ಪಾಲು ಬ್ಯಾಂಕಿನಲ್ಲಿ ಠೇವಣಿಯಾಯಿತು. ಕೆಲವು ತಿಂಗಳಲ್ಲಿಯೇ ಹುಡುಗನ ದೊಡ್ಡಪ್ಪನು, ಆಸ್ತಿಗೆ ತನ್ನನ್ನು ಪಾಲಕನನ್ನಾಗಿ ನೇಮಿಸಬೇಕೆಂದು ಅರ್ಜಿ ಕೊಟ್ಟನು. ತಾಯಿಯು ತಕರಾರು ಮಾಡಿದಳು. ಎರಡು ವರ್ಷಗಳ ತರುವಾಯ ನ್ಯಾಯಾಲಯವು ದೊಡ್ಡಪ್ಪನ ಅರ್ಜಿಯನ್ನು ತಳ್ಳಿಹಾಕಿತು. ಆದರೆ ಆಜ್ಞೆಯ ಕೊನೆಯಲ್ಲಿ ಒಂದು ಸಾಲಿತ್ತು: ಎರಡೂ ಪಕ್ಷಗಳ ವಕೀಲರ ಫೀಯನ್ನು ಮಗುವಿನ ಠೇವಣಿಯಿಂದ ಕೊಡತಕ್ಕದ್ದು.

ತಾಯಿಯು ಗಾಬರಿಗೊಂಡಳು. ತನ್ನೊಡನೆ ಹೋರಾಡಿದವನ ವಕೀಲರಿಗೂ ಮಗನ ಹಣವೇ ಹೋಗಬೇಕೆ? ಊರಿನ ಹಿರಿಯರೊಬ್ಬರು ಧೈರ್ಯ ಹೇಳಿದರು: “ಅದಕ್ಕ್ಯಾಕ ಚಿಂತಿ ಮಾಡ್ತೀಯವ್ವಾ? ಮ್ಯಾಲಿನ ಕೋರ್ಟಿಗೆ ಅಪೀಲು ಹಾಕಿದ್ರಾತು.”

ಹಿರಿಯರ ಮಾತು ಒಳ್ಳೆಯ ಮನಸ್ಸಿನದು. ಆದರೆ ಕಾಯಿದೆಯ ಪ್ರಕಾರ ಅದು ಸರಿಯಲ್ಲ.

ಅಪ್ರಾಪ್ತ ವಯಸ್ಕರಿಗೆ ನ್ಯಾಯಾಲಯದಿಂದ ಪಾಲಕರನ್ನು ನೇಮಿಸುವ ಕ್ರಮವು ೧೮೯೦ರ ಪಾಲಕರ ಮತ್ತು ಪಾಲ್ಯರ ಅಧಿನಿಯಮದಲ್ಲಿದೆ. ಆ ಕಾಯಿದೆಯ ೪೭ನೆಯ ಪ್ರಕರಣವು ಯಾವ ಯಾವ ಆಜ್ಞೆಗಳ ಮೇಲೆ ಹೈಕೋರ್ಟಿಗೆ ಅಪೀಲು ಹೋಗಬಹುದೆಂಬುದನ್ನು ಒಂದೊಂದಾಗಿ ಎಣಿಸಿ ಹೇಳಿದೆ. ಪಾಲಕನನ್ನು ನೇಮಿಸಿದ ಅಥವಾ ನೇಮಿಸಲು ಒಪ್ಪದ ಆಜ್ಞೆ, ಮಗುವನ್ನು ಪಾಲಕನ ವಶಕ್ಕೆ ಹಿಂದಿರುಗಿಸುವ ಆಜ್ಞೆ, ಪಾಲಕನ ಅಧಿಕಾರವನ್ನು ಹೆಚ್ಚು ಕಡಿಮೆ ಮಾಡುವ ಆಜ್ಞೆ, ಪಾಲಕನನ್ನು ತೆಗೆದುಹಾಕುವ ಆಜ್ಞೆ, ದಂಡ ವಿಧಿಸುವ ಆಜ್ಞೆ — ಇಂಥವು ಆ ಪಟ್ಟಿಯಲ್ಲಿವೆ. ಖರ್ಚಿನ ಆಜ್ಞೆ ಅದರಲ್ಲಿಲ್ಲ. ೪೯ನೆಯ ಪ್ರಕರಣದಂತೆ ಇಂಥ ವ್ಯವಹರಣೆಗಳ ಖರ್ಚನ್ನು ಯಾರು ಕೊಡಬೇಕೆಂಬುದು, ಹೈಕೋರ್ಟಿನ ನಿಯಮಗಳಿಗೆ ಒಳಪಟ್ಟು, ವಿಚಾರಣೆ ನಡೆಸಿದ ನ್ಯಾಯಾಲಯದ ವಿವೇಚನೆಗೆ ಸೇರಿದ್ದು. ಪಟ್ಟಿಯಲ್ಲಿಲ್ಲದ ಆಜ್ಞೆಗಳು ಅಂತಿಮವೆಂದು ೪೮ನೆಯ ಪ್ರಕರಣವು ಸ್ಪಷ್ಟವಾಗಿ ಹೇಳುತ್ತದೆ. ಬೇರೆ ದಾವೆ ಹೂಡಿಯೂ ಅವನ್ನು ಪ್ರಶ್ನಿಸುವಂತಿಲ್ಲ.

ಆದರೂ ಒಂದು ಕಿಂಡಿಯನ್ನು ಅದೇ ಪ್ರಕರಣವು ತೆರೆದಿಟ್ಟಿದೆ. ಅದು ಸಿವಿಲ್ ಪ್ರಕ್ರಿಯಾ ಸಂಹಿತೆಯ ೧೧೫ನೆಯ ಪ್ರಕರಣದ ಪುನರೀಕ್ಷಣೆ, ಎಂದರೆ ಕೋರ್ಟಿನವರು ರಿವಿಜನ್ ಎನ್ನುವ ಅರ್ಜಿ. ಅಪೀಲಿಗೂ ಇದಕ್ಕೂ ಬಹಳ ಅಂತರವಿದೆ. ಅಪೀಲಿನಲ್ಲಿ ಸಾಕ್ಷ್ಯವನ್ನು ಮತ್ತೆ ತೂಗಿ ನೋಡಬಹುದು; ಫೀ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ವಾದಿಸಬಹುದು. ರಿವಿಜನ್ನಿನಲ್ಲಿ ಹೈಕೋರ್ಟು ನೋಡುವುದು ಬೇರೆಯೇ: ಕೆಳಗಿನ ನ್ಯಾಯಾಲಯವು ತನಗಿಲ್ಲದ ಅಧಿಕಾರವನ್ನು ಚಲಾಯಿಸಿತೆ, ಇದ್ದ ಅಧಿಕಾರವನ್ನು ಚಲಾಯಿಸದೆ ಬಿಟ್ಟಿತೆ, ಇಲ್ಲವೇ ಕಾಯಿದೆಗೆ ವಿರುದ್ಧವಾಗಿ ನಡೆಯಿತೆ? ‘ಫೀ ಸ್ವಲ್ಪ ಜಾಸ್ತಿಯಾಯಿತು’ ಎಂಬುದೊಂದೇ ಕಾರಣವು ಅಲ್ಲಿ ನಿಲ್ಲುವುದು ಕಷ್ಟ. ‘ತಾಯಿಯ ಮಾತನ್ನು ಕೇಳದೆ, ಕಾರಣವನ್ನೂ ಕೊಡದೆ ಮಗುವಿನ ಹಣಕ್ಕೆ ಕೈಹಾಕಲಾಗಿದೆ’ ಎಂಬುದಕ್ಕೆ ಹೆಚ್ಚು ತೂಕ. ಈ ಅರ್ಜಿಗೆ ಆಜ್ಞೆಯ ದಿನದಿಂದ ೯೦ ದಿನಗಳ ಅವಧಿಯುಂಟು.

ಮುಖ್ಯ ಆಜ್ಞೆಯೇ ತಾಯಿಗೆ ವಿರುದ್ಧವಾಗಿ, ದೊಡ್ಡಪ್ಪನೇ ಪಾಲಕನಾಗಿ ನೇಮಕಗೊಂಡಿದ್ದರೆ ಮಾತು ಬೇರೆ. ಆಗ ಆ ನೇಮಕದ ಮೇಲೆ ಹೈಕೋರ್ಟಿಗೆ ೯೦ ದಿನಗಳೊಳಗೆ ಅಪೀಲು ಹೋಗಬಹುದು. ಅದರ ಜೊತೆಯಲ್ಲಿ ಖರ್ಚಿನ ಭಾಗದ ತಕರಾರನ್ನೂ ಎತ್ತಬಹುದು. ಗೆದ್ದ ತಾಯಿಗೆ ಇಲ್ಲದ ದಾರಿ ಸೋತ ತಾಯಿಗೆ ಇರುವುದು ವಿಚಿತ್ರವಾಗಿ ಕಂಡರೂ ಕಾಯಿದೆಯ ಏರ್ಪಾಡು ಹಾಗಿದೆ.

ಇನ್ನೊಂದು ಏರುಪೇರನ್ನೂ ಗಮನಿಸಬೇಕು. ಫೀ ಕೊಡಲು ನಗದು ಸಾಲದೆ, ಹೊಲದಲ್ಲಿ ಒಂದು ಎಕರೆ ಮಾರಲು ಅನುಮತಿ ಬೇಡುವ ಸಂದರ್ಭ ಬರಬಹುದು. ನ್ಯಾಯಾಲಯವು ನೇಮಿಸಿದ ಪಾಲಕನು ೧೮೯೦ರ ಕಾಯಿದೆಯ ೨೯ನೆಯ ಪ್ರಕರಣದಂತೆಯೂ, ತಾಯಿಯಂಥ ಸಹಜ ಪಾಲಕಳು ೧೯೫೬ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಅಧಿನಿಯಮದ ೮ನೆಯ ಪ್ರಕರಣದಂತೆಯೂ ಮೊದಲು ಅನುಮತಿ ಪಡೆಯಲೇಬೇಕು. ಮಗುವಿಗೆ ಅಗತ್ಯವಿದ್ದರೆ ಅಥವಾ ಸ್ಪಷ್ಟವಾದ ಲಾಭವಿದ್ದರೆ ಮಾತ್ರ ಅನುಮತಿ ದೊರೆಯುತ್ತದೆ. ಅನುಮತಿ ನಿರಾಕರಿಸಿದರೆ ಅಪೀಲು ಉಂಟು. ಅನುಮತಿ ಕೊಟ್ಟರೆ ಅದು ೪೭ನೆಯ ಪ್ರಕರಣದ ಪಟ್ಟಿಯಲ್ಲಿಲ್ಲ. ಆದ್ದರಿಂದ ಮಾರಾಟಕ್ಕೆ ಆಕ್ಷೇಪಿಸುವ ಬಂಧುಗಳು ಅನುಮತಿಯ ಅರ್ಜಿ ವಿಚಾರಣೆಯಲ್ಲಿರುವಾಗಲೇ ಮಾತಾಡಬೇಕು. ಅನುಮತಿಯೇ ಇಲ್ಲದೆ ಹೊಲ ಮಾರಿದ್ದರೆ, ಮಗನು ವಯಸ್ಸಿಗೆ ಬಂದ ಮೂರು ವರ್ಷಗಳೊಳಗೆ ಆ ಮಾರಾಟವನ್ನು ರದ್ದುಪಡಿಸಲು ದಾವೆ ಹೂಡಬಹುದು. ಇಂಥ ಹೊಲವನ್ನು ಕೊಳ್ಳುವವರು ಉತಾರವನ್ನು ನೋಡಿದರೆ ಸಾಲದು. ನ್ಯಾಯಾಲಯದ ಅನುಮತಿಪತ್ರವನ್ನೂ ಕೇಳಿ ನೋಡಬೇಕು.

ಇಷ್ಟು ಹೊತ್ತು ಹೇಳಿದ್ದು ನ್ಯಾಯಾಲಯವು ಆಜ್ಞಾಪಿಸಿದ ಖರ್ಚಿನ ಮಾತು. ತಾಯಿಯೇ ತನ್ನ ವಕೀಲರಿಗೆ ಕೊಡಲು ಒಪ್ಪಿಕೊಂಡ ಫೀ ಬೇರೆ. ಅದರ ಜಗಳವೂ ಬೇರೆ. ೧೯೫೬ರ ಕಾಯಿದೆಯಂತೆ ಸಹಜ ಪಾಲಕರು ತಮ್ಮ ಕರಾರಿನಿಂದ ಮಗುವನ್ನು ವೈಯಕ್ತಿಕವಾಗಿ ಸಾಲಗಾರನನ್ನಾಗಿ ಮಾಡುವಂತಿಲ್ಲ. ಹಾಗೆಂದು ವಕೀಲರ ಶ್ರಮಕ್ಕೆ ಬೆಲೆಯೇ ಇಲ್ಲವೆಂದಲ್ಲ. ೧೮೭೨ರ ಕರಾರು ಕಾಯಿದೆಯ ೬೮ನೆಯ ಪ್ರಕರಣವು, ಮಗುವಿನ ಜೀವನಕ್ಕೆ ಅವಶ್ಯವಾದುದನ್ನು ಒದಗಿಸಿದವರು ಅದರ ಆಸ್ತಿಯಿಂದ ಹಣ ಪಡೆಯಬಹುದೆನ್ನುತ್ತದೆ. ಅಪಾಯದಲ್ಲಿದ್ದ ಮಗುವಿನ ಆಸ್ತಿಯನ್ನು ದಾವೆಯಲ್ಲಿ ಯಶಸ್ವಿಯಾಗಿ ರಕ್ಷಿಸಿದ ವೆಚ್ಚವೂ ಅಂಥ ಅವಶ್ಯಕತೆಯೇ ಎಂದು ಕಲಕತ್ತೆಯ ಹೈಕೋರ್ಟು ೧೮೮೧ರಷ್ಟು ಹಿಂದೆಯೇ ತೀರ್ಮಾನಿಸಿತ್ತು. ಅನ್ನ, ಬಟ್ಟೆ, ಪಾಠಪುಸ್ತಕಗಳ ಸಾಲಿನಲ್ಲಿ ವಕೀಲರ ಫೀಯೂ ಕುಳಿತದ್ದು ಹೀಗೆ. ಆದರೆ ಅಲ್ಲಿ ಮುಖ್ಯವಾದದ್ದು ಮಗುವಿಗೆ ಆದ ರಕ್ಷಣೆ. ದೊಡ್ಡವರ ಹಟಕ್ಕಾಗಿ ನಡೆದ ವ್ಯಾಜ್ಯಕ್ಕೆ ಈ ನ್ಯಾಯವನ್ನು ಚಾಚುವುದು ಸುಲಭವಲ್ಲ.

ಬಂದ ಹಣದಲ್ಲಿ ಇಂತಿಷ್ಟು ಪಾಲು ಎಂಬ ಕರಾರಿಗಂತೂ ಎಡೆಯೇ ಇಲ್ಲ. ಫಲವನ್ನು ನೋಡಿ ಫೀ ಗೊತ್ತುಮಾಡುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ೨೦೧೭ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ತೆಲಂಗಾಣದ ಒಂದು ಪ್ರಕರಣ ಬಂದಿತು. ಅಪಘಾತದಲ್ಲಿ ಪತಿಯನ್ನು ಕಳೆದುಕೊಂಡ ಹೆಣ್ಣುಮಗಳೊಬ್ಬಳಿಂದ ಪರಿಹಾರದ ಹಣದಲ್ಲಿ ಶೇಕಡಾವಾರು ಫೀಯನ್ನು ಕೇಳಿ, ಅವಳು ಬರೆದುಕೊಟ್ಟ ಚೆಕ್ಕಿನ ಮೇಲೆ ಮೊಕದ್ದಮೆ ಹೂಡಲಾಗಿತ್ತು. ನ್ಯಾಯಾಲಯವು ಅಂಥ ಫೀಯ ಬೇಡಿಕೆ ಕಾಯಿದೆಗೆ ಒಪ್ಪತಕ್ಕದ್ದಲ್ಲವೆಂದು ಹೇಳಿ ಮೊಕದ್ದಮೆಯನ್ನು ರದ್ದುಪಡಿಸಿತು. ಫೀ ಬಾಕಿಯಿದೆಯೆಂದು ಕಕ್ಷಿದಾರರ ಕಾಗದಪತ್ರಗಳನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗೆ ಇಲ್ಲವೆಂದು ಅದೇ ನ್ಯಾಯಾಲಯವು ೨೦೦೦ದಲ್ಲಿಯೇ ತಿಳಿಸಿತ್ತು.

ಇಂಥ ದುರ್ನಡತೆಯ ದೂರನ್ನು ೧೯೬೧ರ ವಕೀಲರ ಅಧಿನಿಯಮದಂತೆ ರಾಜ್ಯದ ವಕೀಲರ ಪರಿಷತ್ತಿಗೆ ಕೊಡಬೇಕು. ಅದರ ಶಿಸ್ತು ಸಮಿತಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ ೬೦ ದಿನಗಳೊಳಗೆ ಭಾರತೀಯ ವಕೀಲರ ಪರಿಷತ್ತಿಗೆ, ಅಲ್ಲಿಂದ ಮುಂದೆ ೬೦ ದಿನಗಳೊಳಗೆ ಸರ್ವೋಚ್ಚ ನ್ಯಾಯಾಲಯಕ್ಕೆ ಅಪೀಲು ಹೋಗಬಹುದು. ಗ್ರಾಹಕರ ಆಯೋಗದ ಬಾಗಿಲು ಮಾತ್ರ ಇದಕ್ಕೆ ತೆರೆಯದು; ವಕೀಲರ ಸೇವೆಯು ಗ್ರಾಹಕ ರಕ್ಷಣಾ ಕಾಯಿದೆಯ ಕೆಳಗೆ ಬರುವುದಿಲ್ಲವೆಂದು ೨೦೨೪ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ನಿರ್ಣಯಿಸಿದೆ.

ಧಾರವಾಡ ಜಿಲ್ಲೆಯವರಿಗೆ ಹೈಕೋರ್ಟು ಈಗ ಮೊದಲಿನಷ್ಟು ದೂರವಿಲ್ಲ. ೧೯೫೬ರ ವರೆಗೆ ಇಲ್ಲಿಯ ಅಪೀಲುಗಳು ಮುಂಬಯಿಗೆ ಹೋಗುತ್ತಿದ್ದವು. ಆ ಬಳಿಕ ಅರ್ಧ ಶತಮಾನ ಬೆಂಗಳೂರಿಗೆ. ೨೦೦೮ರಲ್ಲಿ ಧಾರವಾಡದಲ್ಲಿ ಸಂಚಾರಿ ಪೀಠ ಆರಂಭವಾಯಿತು. ೨೦೧೩ರಲ್ಲಿ ಅದು ಕಾಯಂ ಆಯಿತು. ನವಲಗುಂದ, ಕುಂದಗೋಳ, ಕಲಘಟಗಿಯವರು ಬೆಳಿಗ್ಗೆ ಬಸ್ಸು ಹತ್ತಿ ಸಂಜೆಗೆ ಮನೆ ಸೇರಬಹುದು. ಆದರೆ ದಾರಿ ಹತ್ತಿರವಾದ ಮಾತ್ರಕ್ಕೆ ಕಾಯಿದೆಯಲ್ಲಿ ಇಲ್ಲದ ಅಪೀಲು ಹುಟ್ಟಿಕೊಳ್ಳುವುದಿಲ್ಲ.

ಆದುದರಿಂದ ಮಗುವಿನ ಹಣವನ್ನು ಕಾಯತಕ್ಕ ಸ್ಥಳ ಮೊದಲಿನ ನ್ಯಾಯಾಲಯವೇ. ಖರ್ಚಿನ ಮಾತು ಬಂದೊಡನೆ ತಾಯಿಯು ಲಿಖಿತ ತಕರಾರನ್ನು ಸಲ್ಲಿಸಬೇಕು. ಯಾವ ದಿನ ಯಾವ ಕೆಲಸ ನಡೆಯಿತು, ಅದರಿಂದ ಮಗುವಿಗೆ ಆದ ಪ್ರಯೋಜನವೇನು, ಈಗಾಗಲೇ ಎಷ್ಟು ಸಂದಿದೆ ಎಂಬ ವಿವರಗಳನ್ನು ಕೇಳಬೇಕು. ಎರಡನೆಯ ಪಕ್ಷದ ಫೀಯನ್ನು ಆ ಪಕ್ಷವೇ ಹೊರಲೆಂದು ಬೇಡಬೇಕು. ಆಜ್ಞೆಯಲ್ಲಿ ಕಾರಣ ಬರೆಯಬೇಕೆಂದೂ ಪ್ರಾರ್ಥಿಸಬೇಕು. ಮುಂದೆ ರಿವಿಜನ್ನಿಗೆ ಹೋಗುವ ಪ್ರಸಂಗ ಬಂದರೆ ಈ ಕಾಗದವೇ ಆಧಾರವಾಗುತ್ತದೆ. ಬಾಯಿಮಾತಿನ ಗೋಳು ದಾಖಲೆಯಲ್ಲಿ ಉಳಿಯುವುದಿಲ್ಲ. ನ್ಯಾಯಾಲಯವು ನೇಮಿಸಿದ ಪಾಲಕರಾದರೆ ಖರ್ಚು ಮಾಡುವ ಮುಂಚೆಯೇ ೩೩ನೆಯ ಪ್ರಕರಣದಂತೆ ನ್ಯಾಯಾಲಯದ ಸಲಹೆಯನ್ನು ಬೇಡಬಹುದು.

ಫೀಯ ಪ್ರಶ್ನೆಯೇ ಏಳದಂತೆ ಮಾಡುವ ಒಂದು ಉಪಾಯವೂ ಉಂಟು. ೧೯೮೭ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದ ೧೨ನೆಯ ಪ್ರಕರಣವು ಹೆಂಗಸರಿಗೂ ಮಕ್ಕಳಿಗೂ ಉಚಿತ ಕಾನೂನು ನೆರವಿನ ಹಕ್ಕನ್ನು ಕೊಟ್ಟಿದೆ. ಅವರಿಗೆ ಆದಾಯದ ಮಿತಿಯಿಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಕೊಟ್ಟರೆ ಸರಕಾರದ ವೆಚ್ಚದಲ್ಲಿ ವಕೀಲರು ದೊರೆಯುತ್ತಾರೆ. ಆರು ಎಕರೆ ಹೊಲವಿರುವವಳಿಗೆ ಇದು ಸಲ್ಲದೆಂದು ಸಂಕೋಚಪಡುವವರು ಅನೇಕರು. ಸಂಕೋಚಕ್ಕೆ ಕಾರಣವಿಲ್ಲ, ಅದು ದಾನವಲ್ಲ, ಹಕ್ಕು.

ಹದಿನೆಂಟು ತುಂಬಿದ ದಿನ ಆ ಹುಡುಗನು ಬ್ಯಾಂಕಿನಲ್ಲಿ ತನ್ನ ಹಣವೆಷ್ಟಿದೆ ಎಂದು ಕೇಳುವನು. ತಂದೆ ಬಿಟ್ಟುಹೋದದ್ದು ಇಷ್ಟು, ಶಾಲೆಗೆ ಹೋದದ್ದು ಇಷ್ಟು, ಕೋರ್ಟಿಗೆ ಹೋದದ್ದು ಇಷ್ಟು ಎಂದು ತಾಯಿಯು ಲೆಕ್ಕದ ಪುಸ್ತಕವನ್ನು ಅವನ ಮುಂದೆ ಬಿಚ್ಚಿಡುವಂತಿರಬೇಕು. ಮೂರನೆಯ ಅಂಕಿಯು ಚಿಕ್ಕದಾಗಿರಬೇಕಾದರೆ, ಅದರ ಮಾತನ್ನು ಆಜ್ಞೆ ಹೊರಬೀಳುವ ಮುಂಚೆಯೇ ಆಡಿರಬೇಕು.